ಹೌಕಿಕಾರಿಯ ತಿರುವು

ಏಪ್ರಿಲ್ ತಿಂಗಳ ಎರಡನೇ ಬುಧವಾರ, ಬೆಳಿಗ್ಗೆ ಆರು ಗಂಟೆಗೆ, ಹಿಲ್ಲೆವಿ, ಹಡಗುಗಳಿಗೆ ಬಂದರಿನ ದಾರಿ ತೋರುವ ಪೈಲಟರ ಠಾಣೆಯ ಸೌನಾದಲ್ಲಿ, ಮೇಲಿನ ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಹಡಗು ನಡೆಸುತ್ತಿದ್ದಳು. ಒಲೆಗೆ ಬೆಂಕಿ ಹಾಕಿರಲಿಲ್ಲ. ದಪ್ಪ ಜಾಕೆಟ್ಟು, ಬೂಟು ಎಲ್ಲ ತೊಟ್ಟುಕೊಂಡೇ ಕೂತಿದ್ದಳು. ಸಂಜೆ ಬೆವರಲು ಬರುವವರ ಗಲಾಟೆಯಿರುವ ಈ ಮರದ ಕೋಣೆಯ ಬಾಗಿಲನ್ನು ಬೆಳಗಿನ ಹೊತ್ತು ಯಾರೂ ತೆಗೆಯುವುದಿಲ್ಲ. ಅವಳ ಕಣ್ಣೊಳಗಿನ ಹಡಗು ನೂರೆಪ್ಪತ್ತು ಮೀಟರ್ ಉದ್ದದ್ದು, ಸುಣ್ಣಕಲ್ಲು ತುಂಬಿದ್ದು. ಇನ್ನು ಎರಡು ಗಂಟೆಯಲ್ಲಿ ಅದೇ ಹಡಗು ನಿಜವಾಗಿಯೂ ದ್ವೀಪಗಳಾಚೆಯ ತೆರೆದ ಸಮುದ್ರದಲ್ಲಿ ಅವಳಿಗಾಗಿ ಕಾಯಲಿತ್ತು. ಅವಳು ಏಣಿ ಹತ್ತಿ ಕ್ಯಾಪ್ಟನ್ನನ ಪಕ್ಕ ನಿಂತು, ಬಂಡೆಗಳ ನಡುವಿನ ದಾರಿಯಲ್ಲಿ ಅದನ್ನು ಬಂದರಿನವರೆಗೆ ತರಬೇಕು. ಪರೀಕ್ಷಕನಾಗಿ ಹಿರಿಯ ಪೈಲಟ್ ಓರ್ವೊ ಹಿಂದೆ ನಿಂತಿರುತ್ತಾನೆ. ಸರಿಯಾಗಿ ತಂದರೆ ಅಕ್ಟೋಬರಿನಲ್ಲಿ ಕಿತ್ತುಕೊಂಡ ದೊಡ್ಡ ಹಡಗುಗಳ ಪರವಾನಗಿ ವಾಪಸು ಸಿಗುತ್ತದೆ. ಇಲ್ಲವಾದರೆ ಉಳಿದ ಕೆಲಸದ ಬದುಕೆಲ್ಲ ಸಣ್ಣ ಮೀನಿನ ಹಡಗು, ಮರ ಸಾಗಿಸುವ ಸಣ್ಣ ಹಡಗು. ಮತ್ತೊಂದು ಅವಕಾಶ ಇಲ್ಲವೆಂದು ಪೈಲಟ್ ಕಚೇರಿಯವರು ಮೃದುವಾಗಿಯೇ ತಿಳಿಸಿದ್ದರು.

ಕಣ್ಣೊಳಗಿನ ಹಡಗು ವಿಲ್ಲಾಕಾರಿ ಎಂಬ ಬಂಡೆ ದಾಟಿ ನೇರ ದಾರಿಗೆ ಬಂದಿತ್ತು. ಮುಂದೆ ಬಲಗಡೆ ಹೌಕಿಕಾರಿ. ನೀರಿನ ಮೇಲೆ ಕಾಣುವುದು ಅಡುಗೆಮನೆಯಷ್ಟು ಅಗಲದ ಬೋಳು ಬಂಡೆ ಮಾತ್ರ. ಅದರ ಹೊಟ್ಟೆ ನೀರಿನಡಿ ದಾರಿಯ ಅಂಚಿನವರೆಗೂ ಚಾಚಿಕೊಂಡಿದೆ, ಆ ಅಂಚಿಗೆ ಒಂದು ಹಸಿರು ತೇಲುಗಂಬ ಕಟ್ಟಿದ್ದಾರೆ, ಒಳಬರುವ ಹಡಗು ಅದನ್ನು ಬಲಕ್ಕೆ ಬಿಟ್ಟು ಹೋಗಬೇಕು. ಬಂಡೆಯ ಆಚೆ, ದೂರದ ಲೆಪ್ಪಾಸಾರಿ ದ್ವೀಪದ ಮೇಲೆ ಸುಣ್ಣ ಬಳಿದ ಹಳೆಯ ಕಲ್ಲಿನ ಗೋಪುರ. ಹಡಗು ಮುಂದೆ ಸಾಗಿದಂತೆ ಗೋಪುರ ಬಂಡೆಯ ಎಡ ಅಂಚಿನಿಂದ ಮೆಲ್ಲಗೆ ಹೊರಗೆ ಬರುತ್ತದೆ. ಪೂರ್ತಿ ಹೊರಗೆ ಬಂದಾಗ ಬಲಕ್ಕೆ ತಿರುಗಬೇಕು. ಅದಕ್ಕೆ ಮೊದಲು ತಿರುಗಿದರೆ ಹಡಗಿನ ತಳ ಕಲ್ಲಿಗೆ ತಾಗುತ್ತದೆ, ತಡವಾದರೆ ಎದುರು ದಡದ ಮರಳು. ಪರವಾನಗಿ ಬೇಕಾದವರು ಪರೀಕ್ಷೆಯಲ್ಲಿ ಖಾಲಿ ಹಾಳೆಯ ಮೇಲೆ ಈ ದಾರಿಯನ್ನೆಲ್ಲ, ಪ್ರತಿ ಬಂಡೆ, ಪ್ರತಿ ಕಂಬ, ಪ್ರತಿ ಆಳವನ್ನು ನೆನಪಿನಿಂದ ಬರೆಯಬೇಕು. ಹಿಲ್ಲೆವಿ ತನ್ನ ಪರೀಕ್ಷೆಯಲ್ಲಿ ಬರೆದ ನಕ್ಷೆಯನ್ನು ಓರ್ವೊ ಕಿಟಕಿಗೆ ಹಿಡಿದು, ಅಚ್ಚಿನ ನಕ್ಷೆಯನ್ನು ಅದರ ಹಿಂದಿಟ್ಟು ನೋಡಿ, ಏನೂ ಹೇಳದೆ ಮಡಚಿ ಜೇಬಿಗೆ ಹಾಕಿಕೊಂಡಿದ್ದ. ಅದು ಹೊಗಳಿಕೆ ಎಂದು ಅವಳಿಗೆ ಆಮೇಲೆ ಯಾರೋ ಹೇಳಬೇಕಾಯಿತು. ತಲೆಯೊಳಗೆ ಅಷ್ಟು ಚೊಕ್ಕ ನಕ್ಷೆ ಇದ್ದದ್ದೇ ಅಕ್ಟೋಬರಿನಲ್ಲಿ ಕೆಟ್ಟದ್ದಾಯಿತು.

ಅಕ್ಟೋಬರಿಗೆ ಮುಂಚಿನ ಬೇಸಿಗೆಯಲ್ಲಿ ಕಚೇರಿ ಪೈಲಟರನ್ನೆಲ್ಲ ಸರೋವರದ ಪಕ್ಕದ ಹೋಟೆಲಿಗೆ ಒಂದು ತರಬೇತಿಗೆ ಕಳಿಸಿತ್ತು. ಕೆಲಸಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳುವುದು ಹೇಗೆ ಎಂಬ ವಿಷಯ. ಕಲಿಸಲು ಬಂದವನು ಮುಂಚೆ ಹಿಮದ ಬೆಟ್ಟದಿಂದ ಹಾರುವ ಸ್ಕೀ ಜಿಗಿತದ ಆಟಗಾರರನ್ನು ತಯಾರು ಮಾಡುತ್ತಿದ್ದವನು, ಬಿಳಿ ಬೂಟಿನವನು. 'ಗೆಲುವನ್ನು ಕಣ್ಣಮುಂದೆ ತಂದ್ಕೊಳ್ಳಿ. ಒಂದು ತಪ್ಪೂ ಇಲ್ದೆ. ನೂರು ಸಲ' ಎಂದ. ಉಳಿದ ಪೈಲಟರು ಕಣ್ಣು ಮುಚ್ಚಿ ನಿದ್ದೆ ಹೊಡೆದರು, ಒಬ್ಬನಂತೂ ಗೊರಕೆಯನ್ನೂ ಹೊಡೆದ. ಹಿಲ್ಲೆವಿ ಹೇಳಿದ ಹಾಗೆ ಮಾಡಿದಳು. ಮನೆಗೆ ಬಂದ ಮೇಲೂ ಬಸ್ಸಿನಲ್ಲಿ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ, ಆಲೂಗಡ್ಡೆ ಸಿಪ್ಪೆ ತೆಗೆಯುವಾಗ ಮಾಡಿದಳು. ಉಸಿರಿನ ಲಯಕ್ಕೆ ತಿರುವುಗಳು ಕೂತವು. ವಿಲ್ಲಾಕಾರಿಯಿಂದ ಇಷ್ಟು ಉಸಿರಿಗೆ ಹೌಕಿಕಾರಿ, ಆಗ ಆಜ್ಞೆ. ಎಷ್ಟು ಹಿತವಾಗಿತ್ತೆಂದರೆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಅಕ್ಟೋಬರಿನ ಆ ದಿನ ಎದುರುಗಾಳಿ ಇತ್ತು, ಹಡಗು ಎಂದಿಗಿಂತ ನಿಧಾನವಾಗಿತ್ತು. ಅದು ಅವಳಿಗೆ ಗೊತ್ತಿತ್ತು, ಬಾಯಲ್ಲಿ ಹೇಳಿಯೂ ಇದ್ದಳು. ಆದರೂ ಮನಸ್ಸಿನ ಹಡಗು ತಿರುವಿಗೆ ಬಂದಾಗ ಅವಳ ಬಾಯಿಂದ 'ಬಲಕ್ಕೆ' ಎಂಬ ಮಾತು ಹೊರಟಿತು. ಗೋಪುರ ಆಗಿನ್ನೂ ಅರ್ಧ ಬಂಡೆಯ ಹಿಂದೆ ಇತ್ತು. ಅವಳು ಅದನ್ನು ನೋಡುತ್ತಿದ್ದಳು, ನೋಡುತ್ತಲೇ ಇದ್ದಳು, ಕಂಡದ್ದು ಮಾತ್ರ ಪೂರ್ತಿ ಹೊರಗೆ ಬಂದ ಗೋಪುರ. ಆಮೇಲೆ ಅಡುಗೆಮನೆಯ ತುಂಬಿದ ಡ್ರಾಯರನ್ನು ಯಾರೋ ಎಳೆದ ಹಾಗೆ ಒಂದು ಸದ್ದು. ಕ್ಯಾಪ್ಟನ್ನನ ಲೋಟದಲ್ಲಿ ಕಾಫಿ ಉಂಗುರ ಉಂಗುರವಾಗಿ ನಡುಗಿತು. ತೂತು ಬೀಳಲಿಲ್ಲ, ಎಣ್ಣೆ ಸೋರಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಅವಳಿಗೆ ಎಷ್ಟು ಸಲ ಹೇಳಿದರೆಂದರೆ, ಆದದ್ದು ತನಗೊಬ್ಬಳಿಗೇ ಎಂದು ಅವಳಿಗೆ ಖಚಿತವಾಯಿತು.

ಊರು ಸಣ್ಣದು. ಅಂಗಡಿಯಲ್ಲಿ ಸಾಮಾನಿನ ಗಾಡಿ ತಳ್ಳುತ್ತಿದ್ದಾಗ ಬಂದರಿನ ಕ್ರೇನಿನವನು, ಒಳ್ಳೆಯವನೇ, ಹಿಂದಿನಿಂದ, 'ಬಲಗಡೆ ಬಾಳೆಹಣ್ಣು ಇದೆ ಹಿಲ್ಲೆವಿ, ನೋಡ್ಕೊಂಡು ತಿರುಗು' ಅಂದ. ಅವಳು ನಕ್ಕಳು. ಬಾಳೆಹಣ್ಣು ಬೇಕಿತ್ತು, ಕೊಳ್ಳದೆ ಬಂದಳು. ಅತ್ತಿಗೆಯ ಮನೆಯ ಹುಟ್ಟುಹಬ್ಬದಲ್ಲಿ ಆರು ವರ್ಷದ ಮಗುವೊಂದು ಕೇಕು ತಿನ್ನುತ್ತ, 'ಹಡಗಿಗೆ ಗಾಯ ಮಾಡಿದ್ದು ನೀನೇನಾ?' ಎಂದು ಕೇಳಿತು. ಮೇಜಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಕಾಫಿಯ ಬಗ್ಗೆ ಮಾತಾಡತೊಡಗಿದರು. 'ಹೌದು, ನಾನೇ' ಎಂದು ಅವಳು ಮಗುವಿಗೆ ಹೇಳಿದಳು. ಇಡೀ ಚಳಿಗಾಲದಲ್ಲಿ ಅವಳು ಆಡಿದ ಅತ್ಯಂತ ಸಲೀಸಾದ ಮಾತು ಅದು. ಮನೆಗೆ ನಡೆದು ಬರುವಾಗ ಹಿಮದ ಮೇಲೆ ತನ್ನ ಬೂಟಿನ ಸದ್ದು ಕೇಳುತ್ತ, ಹೊಸದಾಗಿ ತಯಾರಾಗಬೇಕು ಎಂದು ತೀರ್ಮಾನಿಸಿದಳು. ಕಣ್ಣು ಮುಚ್ಚಿ ನಡೆಸುವುದನ್ನು ಬಿಟ್ಟುಬಿಡುವುದಲ್ಲ. ಜಿಗಿತದವನಿಗೆ ಅವನ ಬೆಟ್ಟ ಯಾವಾಗಲೂ ಇದ್ದಲ್ಲೇ ಇರುತ್ತದೆ, ತನಗೆ ಹಾಗಿಲ್ಲ. ತಪ್ಪಿಲ್ಲದ ಹಡಗನ್ನು ನೂರು ಸಲ ನಡೆಸಿದ್ದಾಯಿತು, ಇನ್ನು ತಪ್ಪುವ ಹಡಗನ್ನು ನಡೆಸಬೇಕು.

ಅದು ಸುಲಭವಾಗಿರಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಚೊಕ್ಕ ಹಡಗೇ ಬರುತ್ತಿತ್ತು, ಚೊಕ್ಕವಾಗಿಯೇ ತಿರುಗಿ ಹೋಗುತ್ತಿತ್ತು. ಅದನ್ನು ನಿಧಾನ ಮಾಡಲು ಡಿಸೆಂಬರ್ ಪೂರ್ತಿ ಬೇಕಾಯಿತು. ಆಮೇಲೆ ಮಂಜು ಬರಿಸಿದಳು. ಚುಕ್ಕಾಣಿ ಹಿಡಿದವನಿಗೆ ಕೆಮ್ಮು ಬರಿಸಿದಳು. ಪಕ್ಕದಲ್ಲಿದ್ದ ನಕ್ಷೆಯ ಪರದೆಯನ್ನು ಆರಿಸಿದಳು. ಕಡೆಗೆ ತೇಲುಗಂಬಗಳನ್ನೆಲ್ಲ ನಕ್ಷೆಯಿಂದ ಕಿತ್ತು ಹಾಕಿದಳು, ಏಕೆಂದರೆ ಚಳಿಗಾಲದ ಮಂಜುಗಡ್ಡೆ ಅವುಗಳನ್ನು ಎಳೆದಾಡುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಎಲ್ಲರೂ ಅವನ್ನೇ ನೋಡುತ್ತಾರೆ. ಪ್ರತಿ ತಿರುವಿಗೂ ಒಂದೇ ಪ್ರಶ್ನೆ ಇಟ್ಟುಕೊಂಡಳು: ನಾನೀಗ ತಪ್ಪುತ್ತಿದ್ದರೆ ಅದನ್ನು ನನಗೆ ಹೇಳುವವರು ಯಾರು? ಉತ್ತರವಾಗಿ ಅಲುಗಾಡದ ಎರಡು ವಸ್ತುಗಳು ಬೇಕು, ಕಲ್ಲಿನವು, ಒಂದಕ್ಕೊಂದು ಸಾಕ್ಷಿ. ಎಲ್ಲಕ್ಕಿಂತ ಕಷ್ಟವಾದದ್ದು ಕ್ಯಾಪ್ಟನ್ನನ ಕೂಗು. ಅವನು ಕೂಗುತ್ತಾನೆ, ಕೂಗಲೇಬೇಕು, ಹಡಗು ಅವನದು. ಮೊದಮೊದಲು ಕಲ್ಪನೆಯಲ್ಲಿ ಅವನು ಬಾಯಿ ತೆರೆದ ಕೂಡಲೇ ಅದು ಮೂರನೇ ತರಗತಿಯ ಮೇಷ್ಟರ ದನಿಯಾಗಿಬಿಡುತ್ತಿತ್ತು. ಶಾಲೆಯ ಸ್ಕೀ ಓಟ, ಕಾಡಿನ ಕವಲಿನಲ್ಲಿ ಅವಳು ತಪ್ಪು ದಾರಿ ಹಿಡಿದು, ಸುತ್ತಿ ಬಳಸಿ, ಕೊನೆಯ ಗೆರೆಯನ್ನು ಎದುರು ದಿಕ್ಕಿನಿಂದ ದಾಟಿದ್ದಳು. 'ಹಿಲ್ಲೆವಿ! ಎಲ್ಲಿಂದ ಬರ್ತಿದ್ದೀಯೇ!' ಎಂದು ಮೇಷ್ಟರು ಕೂಗಿದ್ದರು. ಇಡೀ ಊರು ಬಿಸಿ ಹಣ್ಣಿನ ರಸದ ಲೋಟ ಹಿಡಿದು ನಗುತ್ತಿತ್ತು. ಆ ನಗುವಿನಲ್ಲಿ ಅವಳ ತಾಯಿಯದೂ ಸೇರಿತ್ತು, ಅದು ಪ್ರೀತಿಯ ನಗುವೇ. ತಣ್ಣನೆಯ ಸೌನಾದಲ್ಲಿ ಕೂತು ಅವಳು ಮೇಷ್ಟರನ್ನು ಕೂಗಲು ಬಿಟ್ಟಳು. ಇನ್ನೂ ಜೋರಾಗಿ ಕೂಗಿಸಿದಳು. ಕೂಗಿನ ನಡುವೆಯೇ ಗೋಪುರವನ್ನು ನೋಡುವುದನ್ನು ಕಲಿತಳು. ಮಾರ್ಚ್ ಮುಗಿಯುವ ಹೊತ್ತಿಗೆ ಮೇಷ್ಟರ ಗಂಟಲು ಕಟ್ಟಿತ್ತು.

ಬಾಗಿಲು ಯಾರೋ ತಟ್ಟಿದರು. ದೋಣಿ ನಡೆಸುವ ತೌನೊ. 'ಸೌನಾದ ಹಡಗು ಬಂದರಿಗೆ ಬಂತಾ ಮಾರಾಯ್ತಿ? ಹಾಗಾದ್ರೆ ನೀರಿನ ಹಡಗಿಗೂ ಒಂಚೂರು ಹೋಗಿ ಬರೋಣ.'

'ಬಂತು. ಹಗ್ಗ ಕಟ್ಟೋದೊಂದೇ ಬಾಕಿ.'

'ಕಟ್ಟು ಕಟ್ಟು. ಓರ್ವೊ ಆಗ್ಲೇ ದೋಣೀಲಿ ಕೂತು ತಿಂತಿದ್ದಾನೆ. ಅವ್ನಿಗೆ ಸಿಟ್ಟು ಬಂದಿಲ್ಲ, ಮುಖ ಇರೋದೇ ಹಾಗೆ.'

ದೋಣಿಯಲ್ಲಿ ಓರ್ವೊ ಕಪ್ಪು ರೊಟ್ಟಿಯ ಮೇಲೆ ತಣ್ಣನೆಯ ಮೀನಿಟ್ಟುಕೊಂಡು ತಿನ್ನುತ್ತಿದ್ದ. ಅವಳಿಗೆ ತಲೆಯಾಡಿಸಿದ. ಅರವತ್ತು ದಾಟಿದ, ಹುಬ್ಬು ಬೆಳ್ಳಗಾದ ಮನುಷ್ಯ. ಅಕ್ಟೋಬರಿನ ವಿಚಾರಣೆಯಲ್ಲಿ ಅವನು ಅವಳ ಪರವಾಗಿಯೂ ಮಾತಾಡಿರಲಿಲ್ಲ, ವಿರುದ್ಧವಾಗಿಯೂ ಮಾತಾಡಿರಲಿಲ್ಲ. ಹಾಗಾಗಿ ಇಬ್ಬರ ನಡುವೆ ಒಂದು ಮಾತು ಬಾಕಿ ಉಳಿದಿತ್ತು. ದ್ವೀಪಗಳ ಮಗ್ಗುಲಲ್ಲಿ ಇನ್ನೂ ಅರೆಕರಗಿದ ಮಂಜುಗಡ್ಡೆ ಬೂದು ಬಣ್ಣದಲ್ಲಿ ಅಂಟಿಕೊಂಡಿತ್ತು, ನಡುವಿನ ನೀರು ತೆರೆದು ಕಪ್ಪಗಿತ್ತು. ತೌನೊ ತನ್ನ ಎದುರಿನ ನಕ್ಷೆಯ ಪರದೆಗೆ ಬೆರಳಿನಿಂದ ಕುಟ್ಟಿದ. 'ನೋಡಿಲ್ಲಿ. ಬೆಳಿಗ್ಗೆಯಿಂದ ನಾನು ಕಾಡಿನ ಮಧ್ಯೆ ಇದ್ದೀನಂತೆ. ಅಣಬೆ ಕೀಳೋಕೆ ಹೋಗಿರ್ಬೇಕು.' ಇರುವ ಜಾಗ ತೋರಿಸುವ ಉಪಗ್ರಹದ ಸಂಕೇತ ಮತ್ತೆ ಕೆಟ್ಟಿತ್ತು. ಈಚಿನ ವರ್ಷಗಳಲ್ಲಿ ಈ ಸಮುದ್ರದಲ್ಲಿ ಅದು ಹವಾಮಾನದಷ್ಟೇ ಮಾಮೂಲಾಗಿತ್ತು. ಹಿಲ್ಲೆವಿ ತನ್ನ ಚೀಲದಲ್ಲಿದ್ದ ಪೈಲಟರ ಪರದೆಯನ್ನು ತೆಗೆದು ನೋಡಿದಳು. ಅದೂ ಅವರನ್ನು ಒಳನಾಡಿನ ಒಂದು ಹಳ್ಳಿಯ ಚರ್ಚಿನ ಹಿಂದೆ ನಿಲ್ಲಿಸಿತ್ತು. ಅವಳು ಅದನ್ನು ಆರಿಸಿ ಮತ್ತೆ ಚೀಲಕ್ಕೆ ಹಾಕಿದಳು.

'ಮುಂದಕ್ಕೆ ಹಾಕೋಣ್ವಾ?' ಓರ್ವೊ ಕೇಳಿದ. 'ಬೇಕಾದ್ರೆ ಹೇಳು. ಯಾರೂ ಏನೂ ಅಂದ್ಕೊಳ್ಳಲ್ಲ.'

ಎಲ್ಲರೂ ಅಂದುಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಉತ್ತರ ಬಂದದ್ದು ಆ ಕಾರಣಕ್ಕಲ್ಲ. 'ಬೇಡ. ರೇಡಾರ್ ಇದೆ, ಕಣ್ಣಿದೆ.'

ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಏಣಿಯ ಮೆಟ್ಟಿಲುಗಳ ಮೇಲೆ ತೆಳ್ಳಗೆ ಹಿಮ ಕೂತಿತ್ತು. ಹತ್ತುವಾಗ ಹೃದಯ ಕಿವಿಯಲ್ಲಿ ಬಡಿಯಿತು, ಬಡಿದುಕೊಳ್ಳಲಿ ಎಂದುಕೊಂಡಳು. ಅದನ್ನೂ ಅಭ್ಯಾಸ ಮಾಡಿದ್ದಳು, ಬಡಿಯುವ ಹೃದಯದೊಂದಿಗೇ. ಹಡಗಿನ ನಾಯಕ ವಿಟೋಲ್ಡ್ ಪೋಲೆಂಡಿನವನು, ಶುಭ್ರವಾಗಿ ಕ್ಷೌರ ಮಾಡಿಕೊಂಡ, ಶಿಷ್ಟಾಚಾರದ ಮನುಷ್ಯ. ಕಾಫಿ ತರಿಸಿದ. ಇಬ್ಬರು ಪೈಲಟರನ್ನು ನೋಡಿ, 'ಇಬ್ಬರಾ? ನನ್ನ ಹಡಗು ಅಷ್ಟೊಂದು ಕೆಟ್ಟದ್ದಾ?' ಎಂದ.

'ಪೈಲಟ್ ಅವ್ರು,' ಓರ್ವೊ ಮೂಲೆಗೆ ಸರಿದು ಹೇಳಿದ, 'ನಾನು ಸಾಮಾನು.'

ಚುಕ್ಕಾಣಿಯಲ್ಲಿ ರೊಡೆಲ್ ಎಂಬ ಫಿಲಿಪೀನ್ಸಿನ ನಾವಿಕ ನಿಂತಿದ್ದ. ಹಿಲ್ಲೆವಿ ಹೇಳಿದ ಪ್ರತಿ ಆಜ್ಞೆಯನ್ನೂ ಹಾಗೆಯೇ ಮರಳಿ ಹೇಳಿ ಆಮೇಲೆ ಚುಕ್ಕಾಣಿ ತಿರುಗಿಸುತ್ತಿದ್ದ. ಅವನ ದನಿ ಹದವಾಗಿತ್ತು, ಅವಳಿಗೆ ಇಷ್ಟವಾಯಿತು. ವಿಲ್ಲಾಕಾರಿ ದಾಟಿತು. ನೇರ ದಾರಿ. ಗಾಳಿ ಎದುರಿಗೆ ತಿರುಗಿತ್ತು, ಅಕ್ಟೋಬರಿನಷ್ಟಲ್ಲ, ಆದರೆ ಹಡಗು ಲೆಕ್ಕಕ್ಕಿಂತ ಸ್ವಲ್ಪ ಹಿಂದೆ ಬಿದ್ದಿತ್ತು. ಅದನ್ನು ಗಟ್ಟಿಯಾಗಿ ಹೇಳಿದಳು. ಹಿಂದೆ ಓರ್ವೊನ ಬೂಟು ಒಮ್ಮೆ ಕಿರುಗುಟ್ಟಿತು. ಅದೇ ಮಾತನ್ನು ಅಂದೂ ಹೇಳಿದ್ದೆ, ಹೇಳುವುದು ಬೇರೆ, ಆ ನಿಧಾನವನ್ನು ಮೈಯೊಳಗೆ ಬಿಟ್ಟುಕೊಳ್ಳುವುದು ಬೇರೆ ಎಂದು ಅವಳಿಗೆ ಅನಿಸಿತು. ಕಿಟಕಿಯ ಒರಸುವ ಕಡ್ಡಿ ಆ ಕಡೆ ಈ ಕಡೆ ಆಡುತ್ತಿತ್ತು. ಬೋಳು ಬಂಡೆ ಕಂಡಿತು, ಅದರ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಆಚೆ ಬಿಳಿಯ ಗೋಪುರದ ಸುಳಿವಿಲ್ಲ, ಪೂರ್ತಿ ಬಂಡೆಯ ಮರೆಯಲ್ಲಿ. ಆಮೇಲೆ ಹಸಿರು ಕಂಬ ಕಂಡಿತು. ಅದು ಇರಬೇಕಾದ ಅಂಚಿನಲ್ಲಿರಲಿಲ್ಲ, ನೇರ ಮುಂದೆ, ದಾರಿಯ ನಟ್ಟನಡುವೆ ನಿಂತಿತ್ತು. ಕಂಬವನ್ನು ನಂಬಿದರೆ ಹಡಗು ಇನ್ನೂ ಎಡಕ್ಕೆ ಸರಿದು, ಅದನ್ನು ಬಲಕ್ಕೆ ಬಿಟ್ಟು, ಬಹಳ ಮುಂದೆ ಹೋಗಿ ತಿರುಗಬೇಕು. ಆ ಮುಂದೆ ಎಂಬಲ್ಲಿ ಮರಳು ಇದೆ.

ಮನಸ್ಸಿನ ಹಡಗು ಆ ಹೊತ್ತಿಗೆ ತಿರುವಿಗೆ ಬಂದುಬಿಟ್ಟಿತ್ತು. ಹಳೆಯ ಲಯ, ಉಸಿರಿನ ಜೊತೆ ಕೂತದ್ದು, ನಾಲಿಗೆಯ ತುದಿಗೆ ಬಂತು. ಈಗ ಹೇಳು ಎಂದಿತು. ಅವಳು ಅದನ್ನು ಗುರುತಿಸಿದಳು, ಅಂಗಡಿಯಲ್ಲಿ ಹಳೆಯ ಪರಿಚಯದವರನ್ನು ಗುರುತಿಸಿ ತಲೆಯಾಡಿಸಿ ಮುಂದೆ ಹೋಗುವ ಹಾಗೆ, ಮತ್ತು ಬಾಯಿ ತೆರೆಯಲಿಲ್ಲ. ಬಂಡೆಯ ಎಡ ಅಂಚಿನಲ್ಲಿ ಬಿಳಿಯ ಗೆರೆಯೊಂದು ಮೂಡಿತು. ಗೋಪುರದ ಕಾಲು ಭಾಗ. ಅರ್ಧ. ಅಕ್ಟೋಬರಿನ ಅರ್ಧ ಇದೇ, ಎಂದುಕೊಂಡಳು. ಇದು ಹೀಗಿತ್ತು. ಇಷ್ಟು ಬಿಳಿ, ಇಷ್ಟು ಮರೆ. ಆ ದಿನ ಕಾಣದೇ ಹೋದದ್ದನ್ನು ಈಗ ಕಾಣುತ್ತಿರುವುದು ಅವಳಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಭಯದ ಪಕ್ಕದಲ್ಲೇ ಒಂದು ಸಂತೋಷವೂ ಬಂದು ನಿಂತಿತು. ರೇಡಾರಿನ ಕಡೆ ಕಣ್ಣು ಹಾಯಿಸಿದಳು. ಬಂಡೆಯ ದೂರವನ್ನು ಅಳೆಯುವ ಉಂಗುರ ಇನ್ನೂ ಬಂಡೆಯನ್ನು ಮುಟ್ಟಿರಲಿಲ್ಲ. ಗೋಪುರ ಮುಕ್ಕಾಲು ಬಂತು. ಉಂಗುರ ಬಂಡೆಯನ್ನು ಮುಟ್ಟಿತು. ಗೋಪುರ ಪೂರ್ತಿ ಹೊರಗೆ ಬಂದು, ಅದರ ಮತ್ತು ಬಂಡೆಯ ನಡುವೆ ಒಂದು ಎಳೆ ಆಕಾಶ ಕಂಡಿತು. ಕಂಬ ಮಾತ್ರ ಇನ್ನೂ ದೂರ ಮುಂದೆಯೇ ಇತ್ತು, ಈಗಲ್ಲ, ಈಗಲ್ಲ ಎನ್ನುವಂತೆ.

'ಬಲ ಇಪ್ಪತ್ತು ಡಿಗ್ರಿ,' ಎಂದಳು.

'ಬಲ ಇಪ್ಪತ್ತು ಡಿಗ್ರಿ,' ಎಂದ ರೊಡೆಲ್, ತಿರುಗಿಸಿದ.

ಹಡಗಿನ ಮೂಗು ಮೊದಲು ಏನೂ ಮಾಡಲಿಲ್ಲ, ಆಮೇಲೆ ಮೆಲ್ಲಗೆ ಬಂಡೆಯ ಕಡೆಗೆ ತಿರುಗತೊಡಗಿತು. ಕ್ಯಾಪ್ಟನ್ನನ ಲೋಟ ಠಕ್ಕನೆ ಮೇಜಿನ ಮೇಲೆ ಕೂತಿತು. 'ಪೈಲಟ್! ಕಂಬ! ಹಸಿರು ಕಂಬ ಎಡಕ್ಕೆ ಹೋಗ್ತಿದೆ! ಬೇಗ ತಿರುಗಿದ್ದೀರಿ, ಪೈಲಟ್, ಕಲ್ಲಿನ ಮೇಲೆ ಹತ್ತಿಸ್ತಿದ್ದೀರಿ!'

ಅವನು ಬೇಗ ತಿರುಗಿದ್ದೀರಿ ಎಂಬ ಮಾತನ್ನೇ ಆರಿಸಿಕೊಂಡಿದ್ದ. ಅದನ್ನು ಅವಳು ಸೌನಾದಲ್ಲಿ ಎಷ್ಟೋ ಸಲ ಕೇಳಿದ್ದಳು, ಇದಕ್ಕಿಂತ ಜೋರಾಗಿ, ಇದಕ್ಕಿಂತ ನಿರ್ದಯವಾಗಿ, ಬಿಸಿ ರಸ ಹಿಡಿದ ಇಡೀ ಊರಿನ ಎದುರಿಗೆ. ಹೋಲಿಸಿದರೆ ಈ ಮನುಷ್ಯ ಮರ್ಯಾದಸ್ಥನಾಗಿದ್ದ. ಅವನ ಭಯ ನ್ಯಾಯವಾದದ್ದು ಎಂದು ಕೂಡ ಯೋಚಿಸಲು ಅವಳಿಗೆ ಪುರುಸೊತ್ತಿತ್ತು. ಹಿಂದೆ ಓರ್ವೊ ಒಂದು ಹೆಜ್ಜೆ ಮುಂದಿಟ್ಟದ್ದು ಕೇಳಿಸಿತು. ಪರೀಕ್ಷಕ ಬಾಯಿ ತೆರೆದರೆ ಪರೀಕ್ಷೆ ಮುಗಿಯಿತು, ಹಡಗು ಸರಿಯಾಗಿ ಹೋಗಲಿ ಬಿಡಲಿ. ನಾನೀಗ ತಪ್ಪುತ್ತಿದ್ದರೆ ಯಾರು ಹೇಳುತ್ತಾರೆ? ಗೋಪುರ ಹೇಳಬೇಕು. ಗೋಪುರ ಹೊರಗಿದೆ. ಉಂಗುರ ಹೇಳಬೇಕು. ಉಂಗುರ ಬಂಡೆಯ ಮೇಲಿದೆ. ಎರಡೂ ಕಲ್ಲು.

'ನೋಡಿದೆ ಕ್ಯಾಪ್ಟನ್,' ಎಂದಳು. ತನ್ನ ದನಿ ಮಗುವಿಗೆ 'ಹೌದು, ನಾನೇ' ಎಂದಾಗಿನ ಹಾಗೆಯೇ ಇದ್ದದ್ದು ಅವಳಿಗೆ ಕೇಳಿಸಿತು. 'ಕಂಬ ಜಾಗ ಬಿಟ್ಟಿದೆ. ಬಂಡೆ ಬಿಟ್ಟಿಲ್ಲ. ಆಳ ನೋಡ್ತಿರಿ.'

ವಿಟೋಲ್ಡ್ ಆಳದ ಮಾಪಕದ ಮೇಲೆ ಬಗ್ಗಿದ. ಅಲ್ಲಿಯ ಅಂಕಿ ಕೆಳಗಿಳಿಯಲಿಲ್ಲ. ಮತ್ತೆ ನೋಡಿದ. ಹಸಿರು ಕಂಬ ಎಡ ಕಿಟಕಿಗಳಲ್ಲಿ ಒಂದೊಂದಾಗಿ ಹಾದುಹೋಯಿತು, ಹತ್ತಿರವಾಗಿ, ಓರೆಯಾಗಿ, ಬುಡದಲ್ಲಿ ಮಂಜುಗಡ್ಡೆಯ ಗೀರುಗಳೊಂದಿಗೆ. ಈ ದಾರಿಯಲ್ಲಿ ಒಳಬರುವ ಹಡಗೊಂದು ಆ ಕಂಬವನ್ನು ಎಡಕ್ಕೆ ಬಿಟ್ಟುಹೋದದ್ದನ್ನು ಅವಳು ಕಂಡೇ ಇರಲಿಲ್ಲ. ಬಲಗಡೆ ನೀರುಕಾಗೆ ರೆಕ್ಕೆ ಮಡಚದೆ ಅವರನ್ನು ನೋಡುತ್ತ ನಿಂತಿತ್ತು, ಇರಬೇಕಾದಷ್ಟೇ ದೂರದಲ್ಲಿ. ಡ್ರಾಯರ್ ಎಳೆದ ಸದ್ದು ಬರಲಿಲ್ಲ. ಅದಕ್ಕಾಗಿ ಅವಳ ಪಾದಗಳು ಕಾದವು, ಬೂಟಿನೊಳಗೆ ಬೆರಳುಗಳು ನೆಲವನ್ನು ಹಿಡಿದುಕೊಂಡಿದ್ದವು. ಆಮೇಲೆ ಅವೂ ಸಡಿಲವಾದವು.

'ಚುಕ್ಕಾಣಿ ನಡುವೆ. ಹೀಗೇ ಹೋಗಲಿ.'

'ಚುಕ್ಕಾಣಿ ನಡುವೆ. ಹೀಗೇ ಹೋಗಲಿ,' ಎಂದ ರೊಡೆಲ್. ಅವನ ಕಿವಿ ಕೆಂಪಾಗಿತ್ತು.

ಅವಳು ರೇಡಿಯೊ ಎತ್ತಿ, ಹೌಕಿಕಾರಿಯ ಹಸಿರು ಕಂಬ ಮಂಜುಗಡ್ಡೆಯ ಎಳೆತಕ್ಕೆ ಪಶ್ಚಿಮಕ್ಕೆ ಸರಿದಿದೆ, ಹಿಂದೆ ಬರುವ ಹಡಗುಗಳು ಗಮನಿಸಬೇಕು ಎಂದು ಸಂಚಾರ ಕೇಂದ್ರಕ್ಕೆ ವರದಿ ಮಾಡಿದಳು. ವಾಕ್ಯ ನೇರವಾಗಿ ಬಂತು. ಆಮೇಲೆ ಹಸಿವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಈಗ ನೆನಪಾಯಿತು. ಕಾಫಿಯ ಜೊತೆ ಬಂದಿದ್ದ ತಟ್ಟೆಯಿಂದ ಏಲಕ್ಕಿ ಬನ್ನನ್ನು ತೆಗೆದುಕೊಂಡು, ಕಣ್ಣು ದಾರಿಯ ಮೇಲೆಯೇ ಇಟ್ಟು, ದೊಡ್ಡ ದೊಡ್ಡ ತುತ್ತಾಗಿ ತಿಂದಳು. ನೀರು ಅಗಲವಾಯಿತು, ಮುಂದೆ ಬಂದರಿನ ಕ್ರೇನುಗಳು ಕಂಡವು. ಎದೆಯಲ್ಲಿ ಏನೋ ಹಿಗ್ಗುತ್ತಿತ್ತು. ಅದನ್ನು ಸಣ್ಣದು ಮಾಡುವ ಅಗತ್ಯ ಅವಳಿಗೆ ಕಾಣಲಿಲ್ಲ. ನೆನಪು ಹೇಳಿದ್ದಕ್ಕಿಂತ ತಡವಾಗಿ, ಕಂಬ ಹೇಳಿದ್ದಕ್ಕಿಂತ ಬೇಗ, ಎರಡರ ನಡುವೆ ಇದ್ದ ಆ ಒಂದೇ ಜಾಗದಲ್ಲಿ ನಾನು ತಿರುಗಿದೆ ಎಂದುಕೊಂಡಳು. ಮತ್ತೊಮ್ಮೆ ಎಂದುಕೊಂಡಳು. ತುಟಿಯ ಮೇಲಿನ ಸಕ್ಕರೆಯನ್ನು ಒರಸಿಕೊಳ್ಳಲಿಲ್ಲ. ವಿಟೋಲ್ಡ್ ಪಕ್ಕಕ್ಕೆ ಬಂದು, ತನ್ನ ಕೈಯಾರೆ ಅವಳ ಲೋಟಕ್ಕೆ ಕಾಫಿ ಸುರಿದ. 'ನಾನು ಕೂಗಿದೆ,' ಎಂದ.

'ಕೂಗಬೇಕು,' ಎಂದಳು ಹಿಲ್ಲೆವಿ. 'ನೀವು ಕೂಗದಿದ್ರೆ ನನಗೆ ಹೆದರಿಕೆ ಆಗ್ತಿತ್ತು.'

ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಹಡಗು ಕಟ್ಟೆಗೆ ತಾಗಿ ಹಗ್ಗಗಳು ಬಿಗಿದ ಮೇಲೆ, ಇಳಿಯುವ ಮೆಟ್ಟಿಲ ಬಳಿ ಓರ್ವೊ ನಿಂತು ಟೋಪಿ ಸರಿಮಾಡಿಕೊಂಡ. ಬಹಳ ಹೊತ್ತು ಸರಿಮಾಡಿಕೊಂಡ.

'ನಾನು ಬಾಯಿ ತೆರೆದಿದ್ದೆ ಕಣೇ,' ಎಂದ. 'ಅಲ್ಲಿ, ಕಂಬದ ಹತ್ರ.'

'ಗೊತ್ತು. ಬೂಟು ಕೇಳಿಸ್ತು. ಯಾಕೆ ಮಾತಾಡ್ಲಿಲ್ಲ?'

'ನೀನೆಲ್ಲಿ ನೋಡ್ತಿದ್ದೀಯ ಅಂತ ನೋಡಿದೆ. ನೀನು ಗೋಪುರ ನೋಡ್ತಿದ್ದೆ.' ಅವನು ಕೆಳಗೆ ಕಟ್ಟೆಯ ಕಡೆ ನೋಡಿದ. 'ನಾನು ಕಂಬ ನೋಡ್ತಿದ್ದೆ. ಮೂವತ್ತು ವರ್ಷದಿಂದ ಬೇರೆಯವ್ರಿಗೆ ಅದನ್ನ ನೋಡ್ಬೇಡಿ ಅಂತ ಹೇಳ್ಕೊಂಡು ಬಂದೂ.'

'ಹಾಗಾದ್ರೆ?'

'ಪರವಾಗಿಲ್ಲ,' ಎಂದ ಓರ್ವೊ.

ಈ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹಿಲ್ಲೆವಿ ಅಲ್ಲೇ ಮೆಟ್ಟಿಲ ಮೇಲೆ, ಸುಣ್ಣಕಲ್ಲಿನ ಧೂಳಿನ ನಡುವೆ, ಗಟ್ಟಿಯಾಗಿ ನಕ್ಕುಬಿಟ್ಟಳು. ಕೆಳಗೆ ಹಗ್ಗ ಕಟ್ಟುತ್ತಿದ್ದವರು ತಲೆಯೆತ್ತಿ ನೋಡಿದರು. ಓರ್ವೊ ಸ್ವಲ್ಪ ಮುಜುಗರಪಟ್ಟುಕೊಂಡು, ಆಮೇಲೆ ತಾನೂ ಮೂಗಿನಿಂದ ಒಂದು ಸದ್ದು ಮಾಡಿ ಇಳಿಯತೊಡಗಿದ. ಅವನ ಸಹಿಯಾದ ವರದಿ ಮಧ್ಯಾಹ್ನವೇ ಕಚೇರಿಗೆ ಹೋಯಿತು.

ಮರುದಿನ ಬೆಳಿಗ್ಗೆ ನೂರ ತೊಂಬತ್ತು ಮೀಟರ್ ಉದ್ದದ ಧಾನ್ಯದ ಹಡಗೊಂದು ಬಂದರಿಗೆ ಬರುವುದಿತ್ತು. ಹಿಲ್ಲೆವಿ ಅದನ್ನು ಒಬ್ಬಳೇ ಹತ್ತಿದಳು.